ವಕೀಲರ ಕಚೇರಿಗೆ ಕಕ್ಷಿದಾರರ ಮಾಹಿತಿ ಫಾರಂ: ಕೊಡಗಿಗೆ ಒಗ್ಗುವಂತೆ ರೂಪಿಸುವ ವಿಧಾನ

ಹೊಸ ಕಕ್ಷಿದಾರರು ಕಚೇರಿಗೆ ಬಂದು ಕೂತ ಕೂಡಲೇ ಕಥೆ ಶುರು ಮಾಡುತ್ತಾರೆ. ವರ್ಷಗಟ್ಟಲೆ ಮನಸ್ಸಿನಲ್ಲಿ ಇಟ್ಟುಕೊಂಡದ್ದನ್ನು ಹೇಳಲೆಂದೇ ಬಂದಿರುತ್ತಾರೆ, ತಪ್ಪಲ್ಲ. ಆದರೆ ಕಥೆಗೆ ಮೊದಲು ವಕೀಲರಿಗೆ ಎರಡು ಉತ್ತರ ಸಿಗಬೇಕು. ಈ ಕೇಸನ್ನು ನಮ್ಮ ಕಚೇರಿ ತೆಗೆದುಕೊಳ್ಳಬಹುದೇ? ತೆಗೆದುಕೊಳ್ಳುವುದಾದರೆ ಎಷ್ಟು ದಿನ ಬಾಕಿ ಇದೆ? ಮಾಹಿತಿ ಫಾರಂ ಇರುವುದು ಮುಖ್ಯವಾಗಿ ಈ ಎರಡಕ್ಕೆ. ವಿಳಾಸ, ಉದ್ಯೋಗ, ಕೇಸಿನ ವಿವರ ಎಲ್ಲ ಆಮೇಲಿನ ಮಾತು.

ಇಂಟರ್ನೆಟ್‌ನಲ್ಲಿ ಸಿಗುವ ಸಿದ್ಧ ಫಾರಂಗಳು ಈ ಕ್ರಮವನ್ನು ತಲೆಕೆಳಗು ಮಾಡಿರುತ್ತವೆ. ಮೊದಲ ಪುಟದಲ್ಲಿ ಜನ್ಮದಿನಾಂಕ, ವೃತ್ತಿ, ವಾರ್ಷಿಕ ಆದಾಯ. ಎದುರು ಪಾರ್ಟಿಯ ಹೆಸರು ಮೂರನೆಯ ಪುಟದಲ್ಲಿ. ಅಲ್ಲಿಗೆ ತಲುಪುವಷ್ಟರಲ್ಲಿ ಬಂದವರು ತಮ್ಮ ಗುಟ್ಟುಗಳನ್ನೆಲ್ಲ ಹೇಳಿ ಮುಗಿಸಿರುತ್ತಾರೆ. ಆಮೇಲೆ ಎದುರು ಪಾರ್ಟಿ ನಮ್ಮದೇ ಹಳೆಯ ಕಕ್ಷಿದಾರ ಎಂದು ಗೊತ್ತಾದರೆ, ಕೇಳಿಸಿಕೊಂಡದ್ದನ್ನು ಕೇಳಿಸಿಕೊಂಡಿಲ್ಲ ಎನ್ನಲು ಬರುವುದಿಲ್ಲ. ಮನೆತನ ಮನೆತನಗಳ ನಡುವೆ ನೆಂಟಸ್ತನ ಹೆಣೆದುಕೊಂಡಿರುವ ಕೊಡಗಿನಲ್ಲಿ ಈ ಪ್ರಸಂಗ ಬೇರೆ ಜಿಲ್ಲೆಗಳಿಗಿಂತ ಬೇಗ ಎದುರಾಗುತ್ತದೆ.

ಹೆಜ್ಜೆ 1: ಫಾರಂ ಅನ್ನು ಎರಡು ಹಾಳೆಯಾಗಿ ಒಡೆಯಿರಿ

ಮೊದಲ ಹಾಳೆ ಅರ್ಧ ಪುಟ ಸಾಕು. ಅದನ್ನು ಗುಮಾಸ್ತರೋ ಜೂನಿಯರೋ ಹೊರಕೋಣೆಯಲ್ಲೇ, ಹತ್ತು ನಿಮಿಷದಲ್ಲಿ ತುಂಬಿಸಿಕೊಳ್ಳಬೇಕು. ಅದರಲ್ಲಿ ಇರಬೇಕಾದದ್ದು ಇಷ್ಟೇ: ಬಂದವರ ಹೆಸರು, ಊರು, ಎದುರು ಪಾರ್ಟಿಗಳ ಹೆಸರು, ವಿಷಯ ಒಂದೇ ಸಾಲಿನಲ್ಲಿ (ಜಾಗದ ಪಾಲು, ಚೆಕ್, ಜಾಮೀನು, ವಿಚ್ಛೇದನ ಹೀಗೆ), ಕೈಯಲ್ಲಿ ನೋಟಿಸ್ ಅಥವಾ ಸಮನ್ಸ್ ಇದ್ದರೆ ಅದು ಮುಟ್ಟಿದ ದಿನಾಂಕ, ಮುಂದಿನ ವಾಯಿದೆ ಇದ್ದರೆ ಆ ದಿನಾಂಕ. ‘ಕೇಸಿನ ವಿವರ’ ಎಂಬ ಖಾಲಿ ಜಾಗ ಈ ಹಾಳೆಯಲ್ಲಿ ಇರಲೇಬಾರದು. ಜಾಗ ಕೊಟ್ಟರೆ ಜನ ಬರೆಯುತ್ತಾರೆ.

ಎರಡನೆಯ ಹಾಳೆ ಕೊಡುವುದು ಹೆಸರುಗಳ ತಪಾಸಣೆ ಮುಗಿದ ಮೇಲೆ, ವಕೀಲರು ‘ಆಗಲಿ’ ಎಂದ ಮೇಲೆ. ಮೊದಲನೆಯದನ್ನು ಬೇರೆ ಬಣ್ಣದ ಕಾಗದದಲ್ಲಿ ಮುದ್ರಿಸಿಕೊಂಡರೆ ಮೇಜಿನ ಮೇಲೆ ಯಾವ ಫೈಲು ಎಲ್ಲಿಗೆ ಬಂದು ನಿಂತಿದೆ ಎಂದು ನೋಡಿದ ಕೂಡಲೇ ತಿಳಿಯುತ್ತದೆ.

ಹೆಜ್ಜೆ 2: ಹೆಸರಿನ ಕಾಲಂ

ಇಡೀ ಫಾರಂನಲ್ಲಿ ಹೆಚ್ಚು ಯೋಚಿಸಬೇಕಾದ ಭಾಗ ಇದು. ‘ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು’ ಎಂಬ ಮೂರು ಡಬ್ಬಿ ಕೊಡಗಿನಲ್ಲಿ ಕೆಲಸ ಮಾಡುವುದಿಲ್ಲ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಅವರ ಪೂರ್ತಿ ಹೆಸರು ಕೊಡಂದೇರ ಮಾದಪ್ಪ ಕಾರ್ಯಪ್ಪ. ಮೊದಲು ಬಂದದ್ದು ಒಕ್ಕದ (ಕೊಡವರ ಮನೆತನದ) ಹೆಸರು, ನಡುವೆ ತಂದೆಯದು, ಕೊನೆಗೆ ಸ್ವಂತದ್ದು. ಆ ಮೂರು ಡಬ್ಬಿಗಳಿಗೆ ಇದನ್ನು ತುಂಬಿಸಿದರೆ ಮನೆತನವೇ ‘ಮೊದಲ ಹೆಸರು’ ಆಗಿಬಿಡುತ್ತದೆ. ಇನ್ನೊಬ್ಬರು ಅದೇ ಹೆಸರನ್ನು ಆಧಾರ್ ಕಾರ್ಡಿನಲ್ಲಿ ಇರುವಂತೆ ಇನಿಷಿಯಲ್ ಹಾಕಿ ಬರೆಯುತ್ತಾರೆ. ಆಗ ಒಬ್ಬರೇ ಮನುಷ್ಯರು ನಿಮ್ಮ ಪಟ್ಟಿಯಲ್ಲಿ ಇಬ್ಬರಾಗುತ್ತಾರೆ.

ಆದ್ದರಿಂದ ಡಬ್ಬಿಗಳ ಹೆಸರನ್ನೇ ಬದಲಿಸಿ. ‘ಮನೆತನ / ಒಕ್ಕ / ಕುಟುಂಬದ ಹೆಸರು’ ಎಂದು ಒಂದು, ‘ಸ್ವಂತ ಹೆಸರು’ ಎಂದು ಒಂದು, ‘ತಂದೆಯ ಹೆಸರು’ ಎಂದು ಒಂದು. ಅರೆಭಾಷೆ ಗೌಡರಿಗೂ ಕೊಡವ ಮಾಪಿಳ್ಳೆಯವರಿಗೂ ಮೊದಲ ಡಬ್ಬಿ ಉಪಯೋಗಕ್ಕೆ ಬರುತ್ತದೆ. ಮನೆತನದ ಹೆಸರೇ ಇಲ್ಲದವರು ಅಡ್ಡಗೆರೆ ಎಳೆಯಲಿ. ಅದರ ಕೆಳಗೆ ಇನ್ನು ಮೂರು ಸಾಲು:

– ಮದುವೆಯಾದ ಹೆಣ್ಣುಮಕ್ಕಳಿಗೆ: ತವರಿನ ಮನೆತನ
– ಕರೆಯುವ ಹೆಸರು (ಊರಿನಲ್ಲಿ ಗುರುತಿಸುವ ಹೆಸರು)
– ದಾಖಲೆಗಳಲ್ಲಿ ಬೇರೆ ಬೇರೆ ರೀತಿ ಇದ್ದರೆ: ಆಧಾರ್‌ನಲ್ಲಿ ____, ಪಹಣಿಯಲ್ಲಿ ____, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ____

ತವರಿನ ಮನೆತನ ಕೇಳುವುದು ಎರಡು ಕಾರಣಕ್ಕೆ. ಮದುವೆಯ ನಂತರ ಹೆಸರಿನ ಮುಂದಿನ ಮನೆತನ ಬದಲಾಗಿರುತ್ತದೆ, ಆದರೆ ತವರಿನ ಆಸ್ತಿಯಲ್ಲಿ ಪಾಲು ಕೇಳುವ ದಾವೆಯಲ್ಲಿ ಎಲ್ಲ ದಾಖಲೆಗಳೂ ಹಳೆಯ ಹೆಸರಿನಲ್ಲಿರುತ್ತವೆ. ಇನ್ನೊಂದು, ಎದುರು ಪಾರ್ಟಿ ಆ ತವರಿನವರೇ ಆಗಿದ್ದರೆ ಗಂಡನ ಮನೆಯ ಹೆಸರಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಇಂಗ್ಲಿಷ್ ಅಕ್ಷರದ ತೊಂದರೆಯೂ ಇದೆ. ಕಾರ್ಯಪ್ಪ ಎಂಬ ಹೆಸರನ್ನು ಕೆಲವರು ಸಿ ಅಕ್ಷರದಿಂದ, ಕೆಲವರು ಕೆ ಅಕ್ಷರದಿಂದ ಬರೆಯುತ್ತಾರೆ. ಒಂದೇ ಒಕ್ಕದ ಅಣ್ಣತಮ್ಮಂದಿರು ಮನೆತನದ ಹೆಸರನ್ನು ಬೇರೆ ಬೇರೆ ರೀತಿ ಬರೆಯುವುದು ಅಪರೂಪವೇನಲ್ಲ. ಆದ್ದರಿಂದ ಹುಡುಕುವುದಕ್ಕೆ ಕನ್ನಡ ರೂಪವನ್ನೇ ಮೂಲವಾಗಿ ಇಟ್ಟುಕೊಳ್ಳಿ, ಇಂಗ್ಲಿಷ್ ರೂಪವನ್ನು ಗುರುತಿನ ಚೀಟಿಯಲ್ಲಿ ಇದ್ದಂತೆಯೇ ನಕಲು ಮಾಡಿ. ನ್ಯಾಯಾಲಯಕ್ಕೆ ಹೋಗುವ ಕಾಗದದಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆಯಾದರೆ ಕೊನೆಗೆ ಡಿಕ್ರಿ ಜಾರಿ ಮಾಡುವಾಗ ತಕರಾರು ಬರುತ್ತದೆ.

ಹೆಜ್ಜೆ 3: ಹೆಸರುಗಳ ರಿಜಿಸ್ಟರ್

ಫಾರಂನಲ್ಲಿ ಹೆಸರು ಬಂತು, ಅದನ್ನು ಯಾವುದರ ಜೊತೆ ತಾಳೆ ನೋಡುವುದು? ಹಿರಿಯ ವಕೀಲರ ನೆನಪನ್ನೇ ನಂಬಿಕೊಂಡಿರುವ ಕಚೇರಿಗಳಲ್ಲಿ ಜೂನಿಯರ್ ಒಬ್ಬರೇ ಇರುವ ದಿನ ತಪಾಸಣೆಯೇ ಆಗುವುದಿಲ್ಲ. ಒಂದು ಎಕ್ಸೆಲ್ ಹಾಳೆ ಸಾಕು. ಕಾಲಂಗಳು: ಮನೆತನ, ಸ್ವಂತ ಹೆಸರು, ತಂದೆಯ ಹೆಸರು, ತವರು, ಊರು, ನಮ್ಮವರೋ ಎದುರಿನವರೋ ಅಥವಾ ಸಲಹೆಗೆ ಬಂದು ಹೋದವರೋ, ವಿಷಯ, ಫೈಲ್ ನಂಬರ್, ವರ್ಷ. ಹಳೆಯ ಫೈಲುಗಳ ವಕಾಲತ್ತು ಮತ್ತು ದಾವೆಯ ಮೊದಲ ಪುಟ ನೋಡಿ ಹಿಂದಿನ ವರ್ಷಗಳದ್ದನ್ನೂ ತುಂಬಿಸಿ. ಮಳೆಗಾಲದಲ್ಲಿ ಬಿಡುವಾದಾಗ ಕೂತು ಮಾಡಬಹುದಾದ ಕೆಲಸ.

‘ಸಲಹೆಗೆ ಬಂದು ಹೋದವರು’ ಎಂಬ ವರ್ಗವನ್ನು ಬಿಡಬೇಡಿ. ಭಾರತೀಯ ವಕೀಲರ ಪರಿಷತ್ತಿನ ನಡತೆ ನಿಯಮಗಳಲ್ಲಿ 33ನೆಯದು, ದಾವೆ ಹೂಡುವ ಬಗ್ಗೆ ಒಬ್ಬರಿಗೆ ಸಲಹೆ ಕೊಟ್ಟಿದ್ದರೆ ಅಥವಾ ಅವರ ಪರ ವಾದಪತ್ರ ಬರೆದಿದ್ದರೆ, ಅದೇ ವಿಷಯದಲ್ಲಿ ಎದುರಿನವರ ಪರ ನಿಲ್ಲಬಾರದು ಎನ್ನುತ್ತದೆ. ವಕಾಲತ್ತು ಹಾಕಿರಲೇಬೇಕೆಂದಿಲ್ಲ. 14ನೆಯ ನಿಯಮದ ಪ್ರಕಾರ ಪಕ್ಷಗಾರರೊಂದಿಗೆ ವಕೀಲರಿಗೆ ಇರುವ ಸಂಬಂಧವನ್ನೂ ವ್ಯಾಜ್ಯದಲ್ಲಿ ಅವರಿಗಿರುವ ಹಿತಾಸಕ್ತಿಯನ್ನೂ ಕಕ್ಷಿದಾರರಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಎದುರಿನವರು ವಕೀಲರ ಭಾವಮೈದುನನೋ ಸೋದರಮಾವನೋ ಆಗಿರುವ ಸಂಭವ ಇಲ್ಲಿ ಹೆಚ್ಚು. ಹಾಗಾಗಿ ಮೊದಲ ಹಾಳೆಯ ಅಡಿಯಲ್ಲಿ ವಕೀಲರು ತಾವೇ ತುಂಬುವ ಒಂದು ಸಾಲು ಇರಲಿ: ‘ಎದುರು ಪಾರ್ಟಿಯೊಂದಿಗೆ ನಮಗಿರುವ ಸಂಬಂಧ: ಇಲ್ಲ / ಇದೆ, ಅದು ____. ಕಕ್ಷಿದಾರರಿಗೆ ತಿಳಿಸಿದ ದಿನಾಂಕ ____.’

ಹುಡುಕುವಾಗ ಮೊದಲು ಮನೆತನ ಮಾತ್ರ ಹಾಕಿ ನೋಡಿ, ಆಮೇಲೆ ಊರು, ಆಮೇಲೆ ತವರು. ಒಂದೇ ಒಕ್ಕದವರು ಸಿಕ್ಕಿದ ಮಾತ್ರಕ್ಕೆ ಕೇಸು ಬಿಡಬೇಕಿಲ್ಲ. ಅದೇ ಆಸ್ತಿಯೇ, ಅದೇ ಪಾಲಿನ ಜಗಳವೇ, ಹಿಂದೆ ತಿಳಿದ ಗುಟ್ಟು ಇಲ್ಲಿ ಉಪಯೋಗಕ್ಕೆ ಬರುತ್ತದೆಯೇ ಎಂದು ವಕೀಲರೇ ತೀರ್ಮಾನಿಸಬೇಕು. ಗುಮಾಸ್ತರ ಕೆಲಸ ಹೆಸರನ್ನು ಎತ್ತಿ ತೋರಿಸುವುದು ಮಾತ್ರ.

ಅಣ್ಣತಮ್ಮಂದಿರು ಇಬ್ಬರೂ ಒಟ್ಟಿಗೆ ಬಂದಾಗ ಪ್ರತಿಯೊಬ್ಬರಿಗೂ ಬೇರೆ ಹಾಳೆ ಕೊಡಿ. ಇವತ್ತು ಒಟ್ಟಿಗಿರುವವರು ಪಾಲಿನ ಗಡಿ ಹಾಕುವ ಹೊತ್ತಿಗೆ ಒಟ್ಟಿಗೆ ಇರುತ್ತಾರೆಂದು ಹೇಳಲಾಗದು. ‘ನಮ್ಮಲ್ಲಿ ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಂದ ಮುಚ್ಚಿಡಲಾಗುವುದಿಲ್ಲ, ನಮ್ಮೊಳಗೆ ಭಿನ್ನಾಭಿಪ್ರಾಯ ಬಂದರೆ ವಕೀಲರು ಇಬ್ಬರ ಕೇಸನ್ನೂ ಬಿಡಬೇಕಾಗಬಹುದು’ ಎಂಬ ವಾಕ್ಯಕ್ಕೆ ಇಬ್ಬರ ಸಹಿಯೂ ಬೇಕು.

ಹೆಜ್ಜೆ 4: ದಿನಾಂಕದ ಪೆಟ್ಟಿಗೆ

‘ಘಟನೆ ನಡೆದ ದಿನಾಂಕ’ ಎಂಬ ಒಂದೇ ಕಾಲಂ ಇಟ್ಟರೆ ಸಾಲದು, ಏಕೆಂದರೆ ಕಾಲಮಿತಿ ಒಂದೊಂದು ಬಗೆಯ ಕೇಸಿಗೆ ಒಂದೊಂದು ದಿನದಿಂದ ಶುರುವಾಗುತ್ತದೆ. ಚೆಕ್ ಕೇಸಿಗೆ ನಾಲ್ಕು ದಿನಾಂಕ ಬೇಕು: ಚೆಕ್‌ನ ಮೇಲಿರುವ ದಿನಾಂಕ, ಬ್ಯಾಂಕಿನ ಮೆಮೊ ಕೈಗೆ ಬಂದ ದಿನ, ನೋಟಿಸ್ ಕಳಿಸಿದ ದಿನ, ನೋಟಿಸ್ ಮುಟ್ಟಿದ ದಿನ. ಚೆಕ್ ವಾಪಸಾದ ಮಾಹಿತಿ ಸಿಕ್ಕ 30 ದಿನದೊಳಗೆ ನೋಟಿಸ್ ಹೋಗಬೇಕು; ಮುಟ್ಟಿದ ಮೇಲೆ ಹಣ ಕೊಡಲು 15 ದಿನ; ಅದು ಕಳೆದ ಮೇಲೆ ದೂರು ಹಾಕಲು ಒಂದು ತಿಂಗಳು. ‘ಮೆಮೊ ಮೇಲಿನ ದಿನಾಂಕ’ ಮತ್ತು ‘ಮೆಮೊ ಕೈಗೆ ಬಂದ ದಿನ’ ಬೇರೆ ಬೇರೆ ಇರಬಹುದು, ಎರಡನ್ನೂ ಬರೆಸಿ.

ಸಮನ್ಸ್ ಬಂದ ಪ್ರತಿವಾದಿಗೆ ಅದು ಮುಟ್ಟಿದ ದಿನವೇ ಮುಖ್ಯ. ಅಲ್ಲಿಂದ 30 ದಿನದೊಳಗೆ ಲಿಖಿತ ಹೇಳಿಕೆ, ಕಾರಣ ಕೊಟ್ಟರೆ 90 ದಿನದವರೆಗೆ. ಬಹಳ ಮಂದಿ ಸಮನ್ಸನ್ನು ವಾಯಿದೆಯ ಹಿಂದಿನ ದಿನ ತರುತ್ತಾರೆ, ತೋಟದಲ್ಲಿ ಕೊಯ್ಲಿನ ಕೆಲಸ ಇತ್ತು ಎನ್ನುತ್ತಾರೆ. ಮುಟ್ಟಿದ ದಿನ ನೆನಪಿಲ್ಲದಿದ್ದರೆ ‘ಯಾರ ಕೈಗೆ ಕೊಟ್ಟರು, ಮನೆಯಲ್ಲಿ ಆಗ ಯಾರಿದ್ದರು’ ಎಂದು ಕೇಳಿದರೆ ದಿನ ತಾನಾಗಿ ಹೊರಬರುತ್ತದೆ.

ಫಾರಂನ ಹಿಂಬದಿಯಲ್ಲಿ, ಕಚೇರಿಯವರಿಗಾಗಿ, ಈ ಸಣ್ಣ ಪಟ್ಟಿ ಮುದ್ರಿಸಿ:

– ಸಾಲ ವಸೂಲಿ, ಪ್ರಾಮಿಸರಿ ನೋಟು, ಕರಾರು ಉಲ್ಲಂಘನೆ: 3 ವರ್ಷ
– ಕ್ರಯದ ಕರಾರು ಜಾರಿ: 3 ವರ್ಷ (ಕರಾರಿನಲ್ಲಿ ದಿನ ಗೊತ್ತು ಮಾಡಿದ್ದರೆ ಆ ದಿನದಿಂದ)
– ಹಕ್ಕಿನ ಆಧಾರದ ಮೇಲೆ ಸ್ಥಿರಾಸ್ತಿ ಸ್ವಾಧೀನ: 12 ವರ್ಷ
– ಗ್ರಾಹಕ ದೂರು: 2 ವರ್ಷ
– ವಾಹನ ಅಪಘಾತ ಪರಿಹಾರ: 6 ತಿಂಗಳು (1-4-2022ರಿಂದ ಜಾರಿಗೆ ಬಂದ, ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 166(3))
– ಸಿವಿಲ್ ಮೇಲ್ಮನವಿ: ಜಿಲ್ಲಾ ನ್ಯಾಯಾಲಯಕ್ಕೆ 30 ದಿನ, ಹೈಕೋರ್ಟಿಗೆ 90 ದಿನ

ಎದುರು ಪಾರ್ಟಿ ಸರ್ಕಾರವಾದರೆ, ಅರಣ್ಯ ಇಲಾಖೆಯೋ ಕಂದಾಯ ಇಲಾಖೆಯೋ, ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 80ರ ಎರಡು ತಿಂಗಳ ನೋಟಿಸ್ ಕೊಡಬೇಕಾಗುತ್ತದೆ. ‘ಎದುರು ಪಾರ್ಟಿ: ಖಾಸಗಿ / ಸರ್ಕಾರ / ಎರಡೂ’ ಎಂಬ ಟಿಕ್ ಗುರುತು ಆ ಎರಡು ತಿಂಗಳನ್ನು ಮೊದಲ ದಿನವೇ ನೆನಪಿಸುತ್ತದೆ.

ಪಟ್ಟಿ ನೋಡಿ ಗುಮಾಸ್ತರೇ ಕಕ್ಷಿದಾರರಿಗೆ ‘ನಿಮಗೆ ಟೈಮ್ ಇದೆ’ ಎಂದು ಹೇಳಬಾರದು. ಅವರು ಮಾಡಬೇಕಾದದ್ದು ಹಾಳೆಯ ಬಲ ಮೂಲೆಯಲ್ಲಿ ಕೊನೆಯ ದಿನಾಂಕವನ್ನು ಕೆಂಪು ಇಂಕಿನಲ್ಲಿ ಬರೆದು ವಕೀಲರ ಮುಂದೆ ಇಡುವುದು. ಡೈರಿಯಲ್ಲಿ ಆ ದಿನಕ್ಕಷ್ಟೇ ಅಲ್ಲ, ಹದಿನೈದು ದಿನ ಮೊದಲಿನ ಪುಟದಲ್ಲೂ ನಮೂದಾಗಲಿ.

ಹೆಜ್ಜೆ 5: ಫೋನ್ ನಂಬರ್ ಕೇಳುವ ರೀತಿ

ಎರಡನೆಯ ಹಾಳೆ ಇಲ್ಲಿಂದ ಶುರು. ‘ಮೊಬೈಲ್ ನಂಬರ್’ ಎಂದು ಒಂದು ಗೆರೆ ಎಳೆದು ಬಿಟ್ಟರೆ ಕೌಟುಂಬಿಕ ದೌರ್ಜನ್ಯದ ಕೇಸಿನಲ್ಲಿ ಅನಾಹುತವಾಗುತ್ತದೆ. ಆಕೆ ಕೊಟ್ಟ ನಂಬರಿನ ಫೋನ್ ಗಂಡನ ಕೈಯಲ್ಲಿರಬಹುದು. ವಕೀಲರ ಕಚೇರಿಯಿಂದ ವಾಯಿದೆ ನೆನಪಿಸುವ ಒಂದು ಮೆಸೇಜ್ ಸಾಕು, ಆಕೆಗೆ ಆ ರಾತ್ರಿ ಏನಾಗುತ್ತದೋ. ಹೀಗೆ ಕೇಳಿ:

– ನಂಬರ್ ____. ಈ ಫೋನ್ ಬೇರೆ ಯಾರಾದರೂ ನೋಡುತ್ತಾರೆಯೇ? ಹೌದು / ಇಲ್ಲ
– ಕರೆ ಮಾಡಬಹುದಾದ ಹೊತ್ತು ____
– ವಾಟ್ಸ್‌ಆ್ಯಪ್ ಮೆಸೇಜ್ ಕಳಿಸಬಹುದೇ? ಹೌದು / ಬೇಡ
– ನೀವು ಸಿಗದಿದ್ದರೆ ಯಾರಿಗೆ ಹೇಳಬಹುದು? (ಅವರಿಗೆ ಕೇಸಿನ ವಿಷಯ ಗೊತ್ತೇ?)
– ಕಾಗದ ಯಾವ ವಿಳಾಸಕ್ಕೆ ಬರಬೇಕು?

‘ಬೇಡ’ ಎಂದವರ ಫೈಲಿನ ಮೇಲೆ ಗುರುತು ಇರಬೇಕು, ಇಲ್ಲದಿದ್ದರೆ ಆರು ತಿಂಗಳ ಮೇಲೆ ಹೊಸ ಜೂನಿಯರ್ ಕರೆ ಮಾಡಿಬಿಡುತ್ತಾರೆ. ಕೊಡಗಿನ ಹಲವು ಊರುಗಳಲ್ಲಿ, ಮಳೆಗಾಲದಲ್ಲಂತೂ, ನೆಟ್‌ವರ್ಕ್ ಸಿಗುವುದೇ ಕಷ್ಟ. ಹಾಗಾಗಿ ಸಂತೆಗೋ ಪೇಟೆಗೋ ಯಾವ ದಿನ ಬರುತ್ತೀರಿ ಎಂದು ಕೇಳಿಟ್ಟುಕೊಂಡರೆ ಸಹಿ ಹಾಕಿಸುವ ಕೆಲಸ ಅದೇ ದಿನಕ್ಕೆ ಇಡಬಹುದು.

ಹೆಜ್ಜೆ 6: ವಿಷಯಕ್ಕೆ ತಕ್ಕ ಸೇರ್ಪಡೆ ಹಾಳೆ

ಎಲ್ಲರಿಗೂ ಎಲ್ಲ ಪ್ರಶ್ನೆ ಕೇಳಬೇಡಿ. ಜಾಮೀನಿಗೆ ಬಂದವರಿಗೆ ಸರ್ವೆ ನಂಬರ್ ಬೇಡ. ಜಮೀನು, ಕುಟುಂಬ, ಕ್ರಿಮಿನಲ್, ಹಣಕಾಸು ಎಂದು ನಾಲ್ಕು ಸೇರ್ಪಡೆ ಹಾಳೆ ಮಾಡಿಟ್ಟುಕೊಳ್ಳಿ. ಕೊಡಗಿನಲ್ಲಿ ಹೆಚ್ಚು ಗಮನ ಬೇಡುವುದು ಜಮೀನಿನದು.

ಜಮೀನಿನ ಹಾಳೆಯನ್ನು ಕಕ್ಷಿದಾರರ ನೆನಪಿನಿಂದ ತುಂಬಿಸಬಾರದು, ಪಹಣಿ ಮುಂದಿಟ್ಟುಕೊಂಡು ತುಂಬಿಸಬೇಕು. ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ, ಎಕರೆ–ಸೆಂಟ್, 9ನೆಯ ಕಾಲಂನಲ್ಲಿರುವ ಹೆಸರು, 11ನೆಯ ಕಾಲಂನಲ್ಲಿರುವ ಋಣ. ತಾಲ್ಲೂಕಿಗೆ ಎರಡು ಡಬ್ಬಿ ಕೊಡಿ: ‘ಹಳೆಯ ದಾಖಲೆಯಲ್ಲಿ’, ‘ಈಗ’. ಸುಂಟಿಕೊಪ್ಪದ ಕಡೆಯ ಹಳೆಯ ಕ್ರಯಪತ್ರದಲ್ಲಿ ಸೋಮವಾರಪೇಟೆ ತಾಲ್ಲೂಕು ಎಂದಿರುತ್ತದೆ, ಈಗ ಅದು ಕುಶಾಲನಗರ. ಶ್ರೀಮಂಗಲ, ಬಾಳೆಲೆ ಕಡೆಯದು ವಿರಾಜಪೇಟೆಯಿಂದ ಪೊನ್ನಂಪೇಟೆಗೆ ಸೇರಿದೆ. ಆಸ್ತಿಯ ಷೆಡ್ಯೂಲ್‌ನಲ್ಲಿ ಒಂದನ್ನೇ ಬರೆದರೆ ದಾಖಲೆಗೂ ದಾವೆಗೂ ಹೊಂದುವುದಿಲ್ಲ. ಅಂಚೆ ವಿಳಾಸದ ಊರು ಬೇರೆ, ಕಂದಾಯ ಗ್ರಾಮ ಬೇರೆ ಇರುವುದೂ ಮಾಮೂಲು.

ಜಾಗದ ಬಗೆಗೆ ಒಂದು ಟಿಕ್ ಸಾಲು: ಗದ್ದೆ / ತೋಟ / ಬಾಣೆ / ಜಮ್ಮಾ / ಪೈಸಾರಿ / ಸರ್ಕಾರದಿಂದ ಮಂಜೂರಾದದ್ದು / ಗೊತ್ತಿಲ್ಲ. ಬಾಣೆ ಎಂದರೆ ಗದ್ದೆಗೆ ಹೊಂದಿಕೊಂಡ ಕಾಡುಜಾಗ, ಜಮ್ಮಾ ಎಂದರೆ ವಂಶಪಾರಂಪರ್ಯದ ಹಿಡುವಳಿ, ಪೈಸಾರಿ ಎಂದರೆ ಸರ್ಕಾರದ ಬೀಳು ಭೂಮಿ. ಈ ‘ಗೊತ್ತಿಲ್ಲ’ ಇರಲೇಬೇಕು. ಇಲ್ಲದಿದ್ದರೆ ಜನ ಊಹಿಸಿ ಯಾವುದಕ್ಕೋ ಗುರುತು ಹಾಕುತ್ತಾರೆ, ಆ ಊಹೆಯೇ ಮುಂದೆ ವಾದಪತ್ರಕ್ಕೆ ನುಸುಳುತ್ತದೆ. ಮಂಜೂರಾತಿ ಜಮೀನು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸಿಕ್ಕಿದ್ದಾದರೆ 1978ರ ಪರಭಾರೆ ನಿಷೇಧ ಕಾಯ್ದೆ ಅಡ್ಡ ಬರುತ್ತದೆ. ಕೊಂಡವರ ಪರವಾಗಿದ್ದರೂ ಮಾರಿದವರ ಪರವಾಗಿದ್ದರೂ ಇದು ಮೊದಲ ದಿನವೇ ಗೊತ್ತಾಗಬೇಕು.

ಜಮ್ಮಾ ಜಾಗದಲ್ಲಿ ಪಹಣಿಯಲ್ಲಿರುವ ಪಟ್ಟೆದಾರರ (ಒಕ್ಕದ ಪರವಾಗಿ ದಾಖಲಾದವರ) ಹೆಸರು ಒಬ್ಬರದು, ಅನುಭವದಲ್ಲಿರುವವರು ಹತ್ತಾರು ಮಂದಿ. ಪಟ್ಟೆದಾರರು ತೀರಿಹೋಗಿ ಎಷ್ಟೋ ಕಾಲವಾಗಿದ್ದರೂ ಹೆಸರು ಹಾಗೇ ಉಳಿದಿರಬಹುದು. ಅದಕ್ಕೆ ಮೂರು ಪ್ರಶ್ನೆ: ಪಟ್ಟೆದಾರರಿಗೂ ನಿಮಗೂ ಏನಾಗಬೇಕು? ನಿಮ್ಮ ಅನುಭವದಲ್ಲಿರುವ ಭಾಗ ಯಾವುದು, ಎಷ್ಟು? ಒಕ್ಕದೊಳಗೆ ಬಾಯಿಮಾತಿನ ಪಾಲೋ, ಬರೆದ ಪಾಲುಪಟ್ಟಿಯೋ, ನೋಂದಣಿಯಾದದ್ದೋ? ಇದರ ಕೆಳಗೆ ಅರ್ಧ ಪುಟ ಖಾಲಿ ಬಿಡಿ, ವಂಶವೃಕ್ಷ ಬರೆಯುವುದಕ್ಕೆ. ಹೆಣ್ಣುಮಕ್ಕಳ ಹೆಸರನ್ನು ‘ಮದುವೆಯಾಗಿ ಹೋಗಿದ್ದಾರೆ’ ಎಂದು ಬಿಟ್ಟುಬಿಡುವುದು ಸಾಮಾನ್ಯ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 9-9-2005ರಿಂದ ಬಂದ ತಿದ್ದುಪಡಿಯಂತೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳೂ ಹುಟ್ಟಿನಿಂದಲೇ ಸಹಭಾಗಿ. 20-12-2004ಕ್ಕಿಂತ ಮೊದಲು ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಆದ ಪಾಲಿಗೆ ಇದರ ತೊಡಕಿಲ್ಲ. ಹೀಗಾಗಿ ವಂಶವೃಕ್ಷದ ಮೇಲೆಯೇ ದಪ್ಪ ಅಕ್ಷರದಲ್ಲಿ ಬರೆಯಿರಿ: ‘ಹೆಣ್ಣುಮಕ್ಕಳು, ತೀರಿಹೋದವರು, ಅವರ ಮಕ್ಕಳು, ಬೇರೆ ದೇಶದಲ್ಲಿರುವವರು, ಎಲ್ಲರ ಹೆಸರೂ ಬರೆಯಿರಿ.’ ಪಾಲಿನ ದಾವೆಯಲ್ಲಿ ಒಬ್ಬರನ್ನು ಬಿಟ್ಟರೂ ಅಗತ್ಯ ಪಕ್ಷಗಾರರಿಲ್ಲ ಎಂಬ ತಕರಾರು ಏಳುತ್ತದೆ.

ಜಾತಿ, ಧರ್ಮ ಕೇಳುವ ಕಾಲಂ ಈ ಹಾಳೆಯಲ್ಲಿ ಮತ್ತು ಕುಟುಂಬದ ಹಾಳೆಯಲ್ಲಿ ಮಾತ್ರ ಇರಲಿ, ಪಕ್ಕದಲ್ಲೇ ಕಾರಣವನ್ನೂ ಮುದ್ರಿಸಿ: ‘ಯಾವ ಉತ್ತರಾಧಿಕಾರ ಕಾನೂನು ಅನ್ವಯಿಸುತ್ತದೆ ಎಂದು ತಿಳಿಯಲು.’ ಯರವ, ಜೇನುಕುರುಬ ಮೊದಲಾದ ಪರಿಶಿಷ್ಟ ಪಂಗಡದವರಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆ ತಾನಾಗಿ ಅನ್ವಯಿಸುವುದಿಲ್ಲ, ಆ ಕಾಯ್ದೆಯ ಸೆಕ್ಷನ್ 2(2)ರಲ್ಲೇ ಹಾಗೆಂದಿದೆ. ಕಾರಣ ಹೇಳಿ ಕೇಳಿದರೆ ಯಾರೂ ಬೇಸರಿಸುವುದಿಲ್ಲ, ಸುಮ್ಮನೆ ಕೇಳಿದರೆ ನೋವಾಗುತ್ತದೆ.

ಇನ್ನೊಂದು ಪ್ರಶ್ನೆ ಇಲ್ಲಿಗೇ ವಿಶೇಷ: ‘ನೀವು ಅಥವಾ ಎದುರು ಪಾರ್ಟಿಯಲ್ಲಿ ಯಾರಾದರೂ ಈಗ ಸೇನೆಯಲ್ಲಿದ್ದಾರೆಯೇ?’ ವಿಶೇಷ ಅಥವಾ ಯುದ್ಧ ಪರಿಸ್ಥಿತಿಯಲ್ಲಿ ಸೇವೆಯಲ್ಲಿರುವ ಸೈನಿಕರ ಕೇಸಿಗೆ 1925ರ ಭಾರತೀಯ ಸೈನಿಕರ (ವ್ಯಾಜ್ಯ) ಕಾಯ್ದೆಯ ರಕ್ಷಣೆ ಇದೆ. ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವವರ ಪರವಾಗಿ ಬಂದವರಿಗೆ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಇದೆಯೇ, ಅದರಲ್ಲಿ ದಾವೆ ನಡೆಸುವ ಅಧಿಕಾರ ಬರೆದಿದೆಯೇ ಎಂದೂ ಕೇಳಿ.

ಉಳಿದ ಮೂರು ಹಾಳೆಗಳು ಚಿಕ್ಕವು. ಕ್ರಿಮಿನಲ್‌ಗೆ ಠಾಣೆ, ಎಫ್‌ಐಆರ್ ನಂಬರ್, ಸೆಕ್ಷನ್, ಬಂಧನದ ದಿನ ಮತ್ತು ಹೊತ್ತು, ಹಿಂದಿನ ಕೇಸುಗಳು. ಲೈಂಗಿಕ ದೌರ್ಜನ್ಯದ ಕೇಸಾದರೆ ಸಂತ್ರಸ್ತರ ಹೆಸರು ಹಾಳೆಯಲ್ಲೂ ಫೈಲಿನ ಬೆನ್ನಿನ ಮೇಲೂ ಬೇಡ, ಫೈಲ್ ನಂಬರ್ ಮಾತ್ರ ಸಾಕು. ನಡೆಯುತ್ತಿರುವ ಯಾವ ಕೇಸಿಗೂ 16 ಅಕ್ಷರಗಳ ಸಿಎನ್‌ಆರ್ ನಂಬರ್ (ನ್ಯಾಯಾಲಯ ಪ್ರತಿ ಕೇಸಿಗೂ ಕೊಡುವ ಗುರುತು) ಬರೆಸಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ಅದನ್ನು ಹಾಕಿದರೆ ಹಿಂದಿನ ವಾಯಿದೆಗಳಲ್ಲಿ ಏನಾಯಿತೆಂದು ಕಕ್ಷಿದಾರರ ಎದುರಿಗೇ ನೋಡಬಹುದು. ‘ಹಿಂದೆ ವಕೀಲರಿದ್ದರೇ, ಅವರ ಒಪ್ಪಿಗೆ ಸಿಕ್ಕಿದೆಯೇ’ ಎಂಬ ಸಾಲೂ ಅಲ್ಲೇ ಇರಲಿ.

ಹಣಕಾಸಿನ ಹಾಳೆಗೆ ಒಂದು ಸೇರಿಸಿ: ಸಾಕ್ಷ್ಯ ಮೊಬೈಲಿನಲ್ಲಿ ಇದೆಯೇ, ಯಾರ ಮೊಬೈಲ್, ಆ ಫೋನ್ ಈಗಲೂ ಇದೆಯೇ. ವಾಟ್ಸ್‌ಆ್ಯಪ್ ಮಾತುಕತೆಯನ್ನು ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕು. ಸ್ಕ್ರೀನ್‌ಶಾಟ್ ಪ್ರಿಂಟ್ ತಂದು ಫೋನ್ ಮಾರಿಬಿಟ್ಟವರಿಗೆ ಆಮೇಲೆ ಕಷ್ಟ.

ಹೆಜ್ಜೆ 7: ದಾಖಲೆಗಳ ರಸೀದಿ

ಫಾರಂನ ಕೊನೆಯ ಭಾಗ ಎರಡು ಪ್ರತಿಯಲ್ಲಿ ಇರಲಿ, ನಡುವೆ ಕಾರ್ಬನ್ ಹಾಕಿದರೂ ಸಾಕು. ಒಂದೊಂದು ದಾಖಲೆಗೂ ಒಂದೊಂದು ಸಾಲು: ಹೆಸರು, ದಿನಾಂಕ, ಮೂಲವೋ ನಕಲೋ, ಎಷ್ಟು ಹಾಳೆ, ಕೊಟ್ಟವರ ಸಹಿ, ತೆಗೆದುಕೊಂಡವರ ಸಹಿ, ಹಿಂದಿರುಗಿಸಿದ ದಿನಾಂಕ. ನಮ್ಮ ಅಭಿಪ್ರಾಯದಲ್ಲಿ ಮೂಲ ದಾಖಲೆಯನ್ನು ಹಾಜರುಪಡಿಸುವ ದಿನದವರೆಗೂ ಕಕ್ಷಿದಾರರ ಬಳಿಯೇ ಬಿಡುವುದು ಒಳ್ಳೆಯದು; ಸ್ಕ್ಯಾನ್ ಮಾಡಿಕೊಂಡು ಅಲ್ಲೇ ವಾಪಸ್ ಕೊಡಿ. ಫೀಸು ಬಾಕಿ ಇದೆ ಎಂದು ಫೈಲು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ರಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಹೇಳಿದೆ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮನೆಯ ಜೊತೆ ಕಾಗದಪತ್ರವೂ ಹೋದ ಕುಟುಂಬಗಳಿವೆ. ಅಂಥವರಿಗೆ ‘ಮೂಲ ಕಳೆದುಹೋಗಿದೆ, ಕಾರಣ ____, ದೃಢೀಕೃತ ನಕಲು ತೆಗೆಸಬೇಕಾದ ಕಚೇರಿ ____’ ಎಂಬ ಸಾಲು ಬೇಕು.

ಆಧಾರ್‌ನ ನಕಲು ಬೇಕಾದರೆ ಮೊದಲ ಎಂಟು ಅಂಕಿ ಮುಚ್ಚಿರುವ ಮಾಸ್ಕ್ಡ್ ಆಧಾರ್ ಸಾಕು. ಕಚೇರಿಯ ಕಪಾಟಿನಲ್ಲಿ ನೂರಾರು ಜನರ ಆಧಾರ್ ನಂಬರ್ ಬಿದ್ದಿರಬೇಕಾಗಿಲ್ಲ.

ಹೆಜ್ಜೆ 8: ಸಹಿಯ ಮೇಲಿನ ವಾಕ್ಯಗಳು

ಮೊದಲ ಹಾಳೆಯಲ್ಲಿ: ‘ಈ ಹಾಳೆ ತುಂಬಿದ ಮಾತ್ರಕ್ಕೆ ಕಚೇರಿ ನನ್ನ ಕೇಸು ವಹಿಸಿಕೊಂಡಂತೆ ಆಗುವುದಿಲ್ಲ. ವಕಾಲತ್ತಿಗೆ ಸಹಿ ಮಾಡುವವರೆಗೆ ನನ್ನ ವಾಯಿದೆಗೆ ಹಾಜರಾಗುವ ಜವಾಬ್ದಾರಿ ನನ್ನದೇ ಎಂದು ನನಗೆ ತಿಳಿಸಲಾಗಿದೆ.’

ಎರಡನೆಯ ಹಾಳೆಯಲ್ಲಿ: ‘ನಾನು ಇಲ್ಲಿ ಹೇಳಿದ್ದನ್ನು ವಕೀಲರೂ ಅವರ ಸಿಬ್ಬಂದಿಯೂ ನನ್ನ ಒಪ್ಪಿಗೆಯಿಲ್ಲದೆ ಹೊರಗೆ ಹೇಳುವುದಿಲ್ಲ. ಈ ಮಾಹಿತಿಯನ್ನು ನನ್ನ ಕೇಸಿನ ಕೆಲಸಕ್ಕೆ ಮತ್ತು ಹೆಸರು ತಪಾಸಣೆಗೆ ಮಾತ್ರ ಬಳಸಲಾಗುತ್ತದೆ.’ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 132ರ ಗೌಪ್ಯತೆ ಗುಮಾಸ್ತರಿಗೂ ದುಭಾಷಿಗೂ ಅನ್ವಯಿಸುತ್ತದೆ. ಕೇಸು ಮುಗಿದ ಮೇಲೂ ಇರುತ್ತದೆ. ಅವರಿಗೂ ಇದನ್ನು ಓದಿ ಹೇಳಿ ಸಹಿ ಪಡೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ, ಮಾಹಿತಿ ಪಡೆಯುವಾಗ ಕೊಡುವ ಸೂಚನೆಯನ್ನು ಇಂಗ್ಲಿಷ್‌ನಲ್ಲಾಗಲಿ ಕನ್ನಡದಂಥ ಎಂಟನೆಯ ಅನುಸೂಚಿಯ ಭಾಷೆಯಲ್ಲಾಗಲಿ ಓದುವ ಆಯ್ಕೆ ಜನರಿಗೆ ಇರಬೇಕು ಎನ್ನುತ್ತದೆ. ಇಂಗ್ಲಿಷ್‌ನಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಿಸಿ ಸಹಿ ಹಾಕಿಸಿಕೊಳ್ಳುವುದು ಕಕ್ಷಿದಾರರಿಗೆ ಮಾಡುವ ಅನ್ಯಾಯ.

ಫೀಸಿನ ಮಾತು ಈ ಫಾರಂನಲ್ಲಿ ಬೇಡ, ಅದಕ್ಕೆ ಬೇರೆ ಕಾಗದ. ‘ಗೆದ್ದರೆ ಇಷ್ಟು ಪಾಲು’ ಎಂಬ ಕರಾರಿಗೆ ನಡತೆ ನಿಯಮ 20 ಅವಕಾಶ ಕೊಡುವುದಿಲ್ಲ, ಅಂಥ ಸಾಲು ಎಲ್ಲಿಯೂ ಬರಬಾರದು. ಆದರೆ ಉಚಿತ ಕಾನೂನು ನೆರವಿನ ಅರ್ಹತೆ ತಿಳಿಯುವ ಒಂದು ಟಿಕ್ ಸಾಲು ಇರಲಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಮುಂತಾದೆಡೆ ದುಡಿಯುವ ಕಾರ್ಮಿಕರು, ಪ್ರಕೃತಿ ವಿಕೋಪದ ಸಂತ್ರಸ್ತರು ಆದಾಯ ಎಷ್ಟೇ ಇದ್ದರೂ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಸೆಕ್ಷನ್ 12ರಂತೆ ಅರ್ಹರು. ಕಾಫಿ ತೋಟದ ಲೈನ್ ಮನೆಯಿಂದ ಬಂದ ಕಾರ್ಮಿಕರಿಗೆ ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ದಾರಿಯನ್ನೂ 15100 ಸಹಾಯವಾಣಿಯನ್ನೂ ಹೇಳಿ ಕಳಿಸುವುದು ವಕೀಲರ ಕರ್ತವ್ಯವೇ.

ಹೆಜ್ಜೆ 9: ಭಾಷೆ, ಕಾಗದ, ತುಂಬಿಸುವ ಕ್ರಮ

ಪ್ರಶ್ನೆಗಳು ಆಡುಮಾತಿಗೆ ಹತ್ತಿರ ಇರಲಿ. ‘ವಿವಾದಿತ ಸ್ವತ್ತಿನ ಚೆಕ್ಕುಬಂದಿ’ ಬದಲು ‘ಜಾಗದ ನಾಲ್ಕೂ ಕಡೆ ಯಾರ ಜಾಗ ಇದೆ? ಪೂರ್ವ __ ಪಶ್ಚಿಮ __ ಉತ್ತರ __ ದಕ್ಷಿಣ __’. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ ಭಾಷೆ ಆಡುವವರು ಕನ್ನಡ ಫಾರಂ ಓದಬಲ್ಲರು, ಆದರೆ ಉತ್ತರ ತಮ್ಮ ಭಾಷೆಯಲ್ಲೇ ಹೇಳಲು ಬಯಸಬಹುದು. ‘ಯಾವ ಭಾಷೆಯಲ್ಲಿ ಮಾತಾಡಲು ಸಲೀಸು’ ಎಂದು ಕೇಳಿ. ಅನುವಾದಕ್ಕೆ ಜೊತೆಗೆ ಬಂದ ನೆಂಟರನ್ನು ಕೂರಿಸಿಕೊಳ್ಳಬೇಡಿ, ಕೇಸಿನಲ್ಲಿ ಅವರ ಹಿತವೂ ಬೆರೆತಿರಬಹುದು.

ಎ4 ಹಾಳೆ, ಅಕ್ಷರ 13 ಪಾಯಿಂಟ್‌ಗಿಂತ ಕಡಿಮೆ ಬೇಡ, ಕೈಬರಹಕ್ಕೆ ಗೆರೆಗಳ ನಡುವೆ 9–10 ಮಿಲಿಮೀಟರ್ ಜಾಗ. ಎಡ ಅಂಚಿನಲ್ಲಿ ಒಂದೂವರೆ ಇಂಚು ಬಿಟ್ಟರೆ ದಾರ ಕಟ್ಟಿದ ಮೇಲೂ ಓದಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಇಂಕ್‌ಜೆಟ್ ಮುದ್ರಣ ಕದಡುತ್ತದೆ, ಜೆಲ್ ಪೆನ್ನಿನ ಬರಹ ಹರಡುತ್ತದೆ; ಲೇಸರ್ ಪ್ರಿಂಟ್ ಮತ್ತು ಬಾಲ್ ಪೆನ್ ಒಳ್ಳೆಯದು. ಕರೆಂಟ್ ಹೋಗುವುದು ಆ ಕಾಲದಲ್ಲಿ ನಿತ್ಯದ ಸಂಗತಿ, ಹಾಗಾಗಿ ಮೊದಲು ಕಾಗದ, ಅದೇ ದಿನ ಸಂಜೆಯೊಳಗೆ ಕಂಪ್ಯೂಟರ್ ಎಂಬ ಕ್ರಮ ಇಟ್ಟುಕೊಳ್ಳಿ. ಆನ್‌ಲೈನ್ ಫಾರಂ ಬೇಕೆನಿಸಿದರೆ ಮೊದಲ ಹಾಳೆಯನ್ನು ಮಾತ್ರ ಆನ್‌ಲೈನ್ ಮಾಡಿ, ಉತ್ತರಗಳ ಶೀಟ್ ಯಾರಿಗೆಲ್ಲ ಕಾಣುತ್ತದೆ ಎಂದು ತೆರೆದು ನೋಡಿ. ಆ ಲಿಂಕನ್ನು ಊರಿನ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಂಚಬೇಡಿ. ನಡತೆ ನಿಯಮ 36 ಜಾಹೀರಾತನ್ನೂ ಕೇಸಿಗಾಗಿ ಜನರನ್ನು ಕರೆಯುವುದನ್ನೂ ನಿಷೇಧಿಸಿದೆ.

ಓದಲು ಬಾರದವರಿಗೆ ಗುಮಾಸ್ತರು ಬರೆದ ಮೇಲೆ ಪೂರ್ತಿ ಓದಿ ಹೇಳಬೇಕು. ಹೆಬ್ಬೆಟ್ಟಿನ ಪಕ್ಕ ‘ಇವರು ಹೇಳಿದಂತೆ ಬರೆದು, ____ ಭಾಷೆಯಲ್ಲಿ ಓದಿ ಹೇಳಿ, ಸರಿಯಿದೆ ಎಂದು ಒಪ್ಪಿದ ಮೇಲೆ ಹೆಬ್ಬೆಟ್ಟು ಪಡೆಯಲಾಗಿದೆ’ ಎಂದು ಬರೆದು, ಬರೆದವರು ತಮ್ಮ ಹೆಸರು ಮತ್ತು ದಿನಾಂಕ ಹಾಕಬೇಕು.

ಹೆಜ್ಜೆ 10: ಪ್ರಯೋಗ, ತಿದ್ದುಪಡಿ

ಒಮ್ಮೆಗೇ ಸಾವಿರ ಪ್ರತಿ ಮುದ್ರಿಸಬೇಡಿ. ಮೊದಲು ಇಪ್ಪತ್ತು ಪ್ರತಿ ತೆಗೆದು ಬೇರೆ ಬೇರೆ ಬಗೆಯ ಕೇಸುಗಳಿಗೆ ಬಳಸಿ, ಆಮೇಲೆ ಹರಡಿಕೊಂಡು ನೋಡಿ. ಎಲ್ಲರೂ ಖಾಲಿ ಬಿಟ್ಟ ಕಾಲಂ ತೆಗೆದುಹಾಕಿ, ಅಥವಾ ಪ್ರಶ್ನೆಯನ್ನು ಬದಲಿಸಿ. ಅಂಚಿನಲ್ಲಿ ಪೆನ್ನಿನಿಂದ ಸೇರಿಸಿದ ಮಾಹಿತಿ ಮತ್ತೆ ಮತ್ತೆ ಒಂದೇ ಬಗೆಯದಾಗಿದ್ದರೆ ಅದಕ್ಕೊಂದು ಕಾಲಂ ಬೇಕು ಎಂದರ್ಥ. ಅಡಿಯಲ್ಲಿ ತಿದ್ದಿದ ತಿಂಗಳು ಮತ್ತು ವರ್ಷ ಮುದ್ರಿಸಿ, ಹಳೆಯ ಪ್ರತಿಗಳನ್ನು ಮೇಜಿನಿಂದ ತೆಗೆದುಬಿಡಿ. ಕಾಲಮಿತಿಯ ಪಟ್ಟಿಯನ್ನು ವರ್ಷಕ್ಕೊಮ್ಮೆ ವಕೀಲರೇ ಕೂತು ಪರಿಶೀಲಿಸಬೇಕು.

ಹೆಜ್ಜೆ 11: ಕೇಸು ಒಪ್ಪದಿದ್ದಾಗ

ಇದನ್ನು ಬಹುತೇಕ ಕಚೇರಿಗಳು ಬಾಯಿಮಾತಿನಲ್ಲೇ ಮುಗಿಸುತ್ತವೆ. ‘ನಮಗೆ ಆಗುವುದಿಲ್ಲ’ ಎಂದದ್ದು ಬಂದವರಿಗೆ ‘ಈಗ ಆಗುವುದಿಲ್ಲ, ಮುಂದೆ ನೋಡೋಣ’ ಎಂದು ಕೇಳಿಸಿರಬಹುದು, ಅವರು ಕಾಯುತ್ತಾ ಕೂತು ದಿನ ಕಳೆದುಬಿಡಬಹುದು. ಮೊದಲ ಹಾಳೆಯ ಹಿಂಬದಿಯಲ್ಲೇ ಹರಿದು ಕೊಡುವ ಚೀಟಿ ಮುದ್ರಿಸಿ: ‘ದಿನಾಂಕ ____ರಂದು ನೀವು ಬಂದಿದ್ದ ವಿಷಯದಲ್ಲಿ ನಮ್ಮ ಕಚೇರಿ ನಿಮ್ಮ ಪರ ಕೆಲಸ ಮಾಡುವುದಿಲ್ಲ. ಇಂಥ ಕೇಸುಗಳಿಗೆ ಕಾಲಮಿತಿ ಇರುತ್ತದೆ. ತಡಮಾಡದೆ ಬೇರೆ ವಕೀಲರನ್ನು ಅಥವಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕಾಣಿ. ನಿಮ್ಮ ದಾಖಲೆಗಳನ್ನು ಹಿಂದಿರುಗಿಸಲಾಗಿದೆ.’ ಯಾಕೆ ಒಪ್ಪಲಿಲ್ಲ ಎಂದು ಚೀಟಿಯಲ್ಲಿ ಬರೆಯಬೇಡಿ; ಎದುರು ಪಾರ್ಟಿ ನಮ್ಮ ಕಕ್ಷಿದಾರ ಎಂದು ಬರೆದರೆ ಆ ಇನ್ನೊಬ್ಬರ ಗುಟ್ಟು ಹೊರಬಿದ್ದಂತೆ. ಕೈಗೆ ಕೊಟ್ಟು ಸಹಿ ಪಡೆಯಿರಿ, ಬಂದವರ ಹೆಸರನ್ನು ‘ಸಲಹೆಗೆ ಬಂದು ಹೋದವರು’ ಕಾಲಂನಲ್ಲಿ ಅವತ್ತೇ ಸೇರಿಸಿ. ಮುಂದಿನ ವಾರ ಎದುರು ಪಾರ್ಟಿ ಅದೇ ಬಾಗಿಲಿಗೆ ಬಂದಾಗ ಆ ನಮೂದು ರಿಜಿಸ್ಟರ್‌ನಲ್ಲಿ ಇರಬೇಕು.